ಮೇಷ್ಟ್ರಿಗೆ, ಮತ್ತು ನಿಮಗೆಲ್ಲರಿಗೂ

ಕರ್ತನಲ್ಲಿ ಪ್ರಿಯರೇ,

ಹೋದ ಭಾನುವಾರ ಇವರು, ನನ್ನ ಯಜಮಾನರು, ನಮ್ಮ ಮನೆ ಕೂಟದಲ್ಲಿ ಎದ್ದು ನಿಂತು ವಾಕ್ಯ ಓದಿದರು. ಕೊನೆತನಕ ನಿಲ್ಲಲು ಆಗಲಿಲ್ಲ. ಅರ್ಧಕ್ಕೆ ಕುರ್ಚಿ ಎಳೆದುಕೊಂಡು ಕೂತರು. ದನಿ ಮಾತ್ರ ಮೊದಲಿನ ಹಾಗೇ ಇತ್ತು. ನಾಲ್ಕು ತಿಂಗಳಾಗಿತ್ತು ಆ ಕೋಣೆಯಲ್ಲಿ ಆ ದನಿ ಕೇಳಿ. ಅದಕ್ಕೇ ಈ ಪತ್ರ.

ಕಾಯಿಲೆಯ ವಿಷಯ ಮತ್ತೆ ಬರೆಯುವುದಿಲ್ಲ. ನೀವೆಲ್ಲ ದಿನಾ ಕೇಳಿ ತಿಳಿದುಕೊಂಡವರೇ. ನಾವಿರುವ ದೇಶದ ಹೆಸರನ್ನೂ ಎಂದಿನಂತೆ ಹಾಕುತ್ತಿಲ್ಲ.

ನಮ್ಮನ್ನು ಕಳಿಸಿಕೊಟ್ಟ ಸಭೆಯವರು ಸರದಿ ಹಾಕಿಕೊಂಡು ಉಪವಾಸ ಪ್ರಾರ್ಥನೆ ಮಾಡಿದಿರಿ. ವೀಸಾ ಅವಧಿ ಮುಗಿಯುವ ಹೊತ್ತಿಗೆ ಕಾಗದಪತ್ರಗಳ ಹಿಂದೆ ಓಡಾಡಿದವರು, ಮಕ್ಕಳನ್ನು ಎರಡು ವಾರ ತಮ್ಮ ಮನೆಯಲ್ಲಿಟ್ಟುಕೊಂಡ ಜೊತೆಯ ಮಿಷನರಿ ಕುಟುಂಬ, ಹೆಸರು ಹೇಳಬೇಡಿ ಎಂದು ಹಣ ಕಳಿಸಿದವರು, ನಮಗೆ ಹಗಲಾದಾಗ ನಿದ್ದೆ ಬಿಟ್ಟು ಫೋನ್ ಹಿಡಿದು ಕೂತ ಅಮ್ಮ, ಅತ್ತೆ, ಮಾವ. ನಿಮಗೆಲ್ಲ ನಮ್ಮ ಮನಸಾರೆ ವಂದನೆ.

ನಮ್ಮ ಕೂಟದ ಹನ್ನೊಂದು ಜನರ ಬಗ್ಗೆ ಎರಡು ಮಾತು ಹೇಳಬೇಕು. ನಾವಿಲ್ಲದೆ ಒಂದು ಭಾನುವಾರವೂ ಕೂಟ ನಿಲ್ಲಲಿಲ್ಲ. ಬಾಯಿಬಿಟ್ಟು ಪ್ರಾರ್ಥನೆ ಮಾಡಲು ನಾಚುತ್ತಿದ್ದ ಒಬ್ಬ ತಂಗಿ ಈಗ ಹಾಡು ಎತ್ತಿಕೊಡುತ್ತಾಳೆ. ಹೊರಗೆ ಜಾಸ್ತಿ ಕೇಳದ ಹಾಗೆ ಮೆಲ್ಲಗೆ ಹಾಡುವುದು ನಮ್ಮ ರೂಢಿ. ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಬಂದ ದಿನ ಬಾಗಿಲ ಹೊರಗೇ ನಿಂತು ಅವಳ ಹಾಡು ಕೇಳಿದೆ. ಒಳಗೆ ಹೋಗಲು ಮನಸ್ಸೇ ಬರಲಿಲ್ಲ. ಏಳು ವರ್ಷದಿಂದ ನಾವು ಬೇಡಿಕೊಂಡಿದ್ದು ಇದನ್ನೇ ಅಲ್ವಾ.

ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾನು ಯಾವಾಗಲೂ ಬೇಗ ಓದಿ ಮುಗಿಸುತ್ತಿದ್ದೆ. ಬರೀ ಹೆಸರುಗಳು. ಅವರಿಗೆ ವಂದನೆ, ಇವರಿಗೆ ವಂದನೆ. ಈ ಸಲ ಆಸ್ಪತ್ರೆಯಲ್ಲಿ ಕೂತು ಓದುವಾಗ ಒಂದು ಕಡೆ ಕಣ್ಣು ನಿಂತಿತು. ಪೌಲನು ರೂಫನಿಗೆ ವಂದನೆ ಹೇಳಿ, ಅವನ ತಾಯಿ ನನಗೂ ತಾಯಿ ಎನ್ನುತ್ತಾನೆ. ಆಕೆ ಏನು ಮಾಡಿದಳು, ಯಾವ ಊರಲ್ಲಿ, ಯಾವಾಗ, ಒಂದನ್ನೂ ಬರೆದಿಲ್ಲ. ಹಿಂದೆ ಒಂದು ಕೆಟ್ಟ ರಾತ್ರಿ ಇದ್ದಿರಬೇಕು ಎಂದು ಈಗ ನನಗೆ ಅನ್ನಿಸುತ್ತದೆ.

ನನಗೆ ಆ ರಾತ್ರಿ ಸಿಕ್ಕವರು ನಮ್ಮ ಮೇಷ್ಟ್ರು.

ನಾವು ಇಲ್ಲಿಗೆ ಬಂದ ಎರಡನೇ ವಾರದಿಂದ ಭಾಷೆ ಕಲಿಸಿದವರು ಅವರು. ನಿವೃತ್ತ ಶಾಲಾ ಶಿಕ್ಷಕರು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ. ಆ ಗಂಟೆಯಲ್ಲಿ ಅವರ ಭಾಷೆ ಬಿಟ್ಟು ಬೇರೆ ಮಾತು ಆಡುವಂತಿಲ್ಲ, ಇದೊಂದೇ ನಿಯಮ. ತಪ್ಪು ಮಾತಾಡಿದರೆ ಬೈಯುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದರು, ನನಗೇ ಹೊಳೆಯುವ ತನಕ. ಮಿಷನರಿಯ ಮೊದಲ ವರ್ಷ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ಊರಲ್ಲಿ ನೂರು ಜನರ ಎದುರು ನನ್ನ ವಿಶ್ವಾಸದ ಸಾಕ್ಷಿ ಹೇಳಿದ ನಾನು ಇಲ್ಲಿ ನಲ್ಲಿ ಸೋರುತ್ತಿದೆ ಎಂದು ಹೇಳಲು ಬಾರದೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಮಾತು ಬರುವ ತನಕ ಇಲ್ಲಿ ನಾವು ಮಕ್ಕಳೇ. ಆ ಮಗುತನದಿಂದ ನನ್ನನ್ನು ಕೈ ಹಿಡಿದು ನಡೆಸಿದವರು ಮೇಷ್ಟ್ರು.

ಆ ರಾತ್ರಿ ಎರಡು ಗಂಟೆ ಇರಬೇಕು. ಡಾಕ್ಟರು ಹೊರಗೆ ಬಂದು ಏನೋ ಬೇಗ ಬೇಗ ಹೇಳಿದರು. ಏಳು ವರ್ಷ ಕಲಿತದ್ದು ಒಂದು ಪದ ಕೂಡ ಇಲ್ಲದ ಹಾಗೆ ತಲೆಯಿಂದ ಹೋಗಿಬಿಟ್ಟಿತು. ಬಾಯಿಗೆ ಬಂದದ್ದು ಬರೀ ಕನ್ನಡ. 'ಏನಾಯ್ತು, ಏನಾಯ್ತು ಹೇಳಿ' ಎಂದು ಅವರನ್ನು ಕನ್ನಡದಲ್ಲೇ ಕೇಳುತ್ತಿದ್ದೆನಂತೆ. ನರ್ಸ್ ನನ್ನ ಫೋನ್ ತೆಗೆದುಕೊಂಡಳು. ಕೊನೆಗೆ ಮಾತಾಡಿದ್ದ ನಂಬರು ಮೇಷ್ಟ್ರದ್ದು. ಮರುದಿನದ ಪಾಠ ಬೇಡ ಎಂದು ಹೇಳಲು ಸಂಜೆ ಮಾಡಿದ್ದ ಫೋನು ಅದು.

ಮೊಣಕಾಲು ನೋವಿನ ಮನುಷ್ಯ, ಅಷ್ಟು ದೂರ ಹೇಗೆ ಬಂದರೋ. ಕೈಯಲ್ಲಿ ಪಾಠದ ನೋಟ್‌ಬುಕ್ ಇತ್ತು. ಡಾಕ್ಟರ ಮಾತೆಲ್ಲ ಕೇಳಿಸಿಕೊಂಡು, ನನ್ನ ಪಕ್ಕ ಕೂತು, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದರು. ಮೊದಲ ತಿಂಗಳಲ್ಲಿ ಬರೆದುಕೊಡುತ್ತಿದ್ದರಲ್ಲ, ಅದೇ ಥರ. ಅವರಿಗೆ ಉಸಿರು ಇದೆ. ರಕ್ತ ಬೇಕು. ಇನ್ನೊಂದು ಸಲ ಒಳಗೆ ಕರೆದುಕೊಂಡು ಹೋಗುತ್ತಾರೆ. ನೀನು ಇಲ್ಲಿ ಸಹಿ ಮಾಡು. ಒಂದು ಸಾಲಿಗೆ ಮೂರೋ ನಾಲ್ಕೋ ಪದ.

'ಗಟ್ಟಿಯಾಗಿ ಓದು' ಎಂದರು.

ಓದಿದೆ. ಮೂರನೇ ಸಾಲಿಗೆ ದನಿ ಬಂತು. ನಾಲ್ಕನೆಯದಕ್ಕೆ ಅರ್ಥವೂ ಬಂತು. ಸಹಿ ಮಾಡಿದೆ.

ಆಮೇಲೆ ಕಾಯುವುದೊಂದೇ ಉಳಿಯಿತು. ಒಂದು ಮಾತು ನಿಮ್ಮಿಂದ ಮುಚ್ಚಿಡಲಾರೆ. ಆ ಹೊತ್ತಿನಲ್ಲಿ ನನಗೆ ದೇವರು ನಮಗೆ ಕೊಟ್ಟ ಕರೆಯ ಮೇಲೇ ಕೋಪ ಬಂತು. ಯಾಕೆ ಬಂದೆವು ಇಲ್ಲಿಗೆ, ಯಾರು ಕೇಳಿದ್ದರು ಅನ್ನಿಸಿತು. ತರಬೇತಿಯಲ್ಲಿ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಬಗ್ಗೆ ಓದಿದ್ದೆವು. 1793ರಲ್ಲಿ ಕುಟುಂಬದ ಜೊತೆ ಬಂಗಾಳಕ್ಕೆ ಬಂದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕದಡಿಹೋಯಿತು. 1807ರಲ್ಲಿ ಸಾಯುವ ತನಕ ಆಕೆ ಸರಿಹೋಗಲೇ ಇಲ್ಲ. ಪರೀಕ್ಷೆಗೆಂದು ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಡೊರೊಥಿಯನ್ನು ಎರಡು ಅಂಕದ ಪ್ರಶ್ನೆಯ ಹಾಗೆ ಓದಿದ್ದಕ್ಕೆ ಆ ಬೆಂಚಿನ ಮೇಲೆ ನನಗೆ ತುಂಬಾ ನೋವಾಯಿತು. ಅಕ್ಕಾ, ನಿನ್ನ ಪಕ್ಕ ಆ ರಾತ್ರಿಗಳಲ್ಲಿ ಯಾರು ಕೂತಿದ್ದರು?

ಮೇಷ್ಟ್ರು ಕೇಳಿದರು, 'ನೀನು ಪ್ರಾರ್ಥನೆ ಮಾಡುವವಳಲ್ವಾ? ಮಾಡು.'

ನಿಮ್ಮ ಭಾಷೆಯಲ್ಲಿ ಬರುತ್ತಿಲ್ಲ ಎಂದೆ.

'ನಿನ್ನ ಭಾಷೆಯಲ್ಲೇ ಮಾಡು. ಈಗ ಪಾಠ ಇಲ್ಲ.'

ಏಳು ವರ್ಷದಲ್ಲಿ ಅವರು ತಮ್ಮ ನಿಯಮ ಮುರಿದದ್ದು ಅದೊಂದೇ ಸಲ. ನಾನು ದೊಡ್ಡ ಪ್ರಾರ್ಥನೆ ಏನೂ ಮಾಡಲಿಲ್ಲ. ಯೇಸಪ್ಪಾ, ಇವರನ್ನು ನನಗೆ ಬಿಟ್ಟುಕೊಡು ಎಂದು ಅಷ್ಟೇ. ಆಮೇಲೆ 121ನೇ ಕೀರ್ತನೆ, ನೆನಪಿದ್ದಷ್ಟು. ಕಾಯುವಾತನು ತೂಕಡಿಸುವುದಿಲ್ಲ, ತೂಕಡಿಸುವುದಿಲ್ಲ. ಮುಂದಿನದು ನೆನಪಾಗದೆ ಅದನ್ನೇ ಹೇಳುತ್ತಾ ಹೋದೆ. ಒಂದು ಪದವೂ ಗೊತ್ತಾಗದಿದ್ದರೂ ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು.

ಮುಗಿದ ಮೇಲೆ ಕೇಳಿದರು, 'ಮತ್ತೆ ಮತ್ತೆ ಹೇಳಿದೆಯಲ್ಲ, ಆ ಪದ ಏನು?' ನನಗೆ ಅವರ ಭಾಷೆಯಲ್ಲಿ ಅದಕ್ಕೆ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಕೂತಲ್ಲೇ ತೂಕಡಿಸಿ ತೋರಿಸಿದೆ. ಅವರು ತಮ್ಮ ಭಾಷೆಯ ಪದ ಹೇಳಿಕೊಟ್ಟರು. ಆಮೇಲೆ ನೋಟ್‌ಬುಕ್ಕಿನಲ್ಲಿ ನಮ್ಮ ಕನ್ನಡ ಪದವನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡರು. ಬೆಳಕು ಹರಿಯುವ ಹೊತ್ತಿಗೆ ನನಗೆ ಗೋಡೆಗೆ ಒರಗಿದ ಹಾಗೇ ಕಣ್ಣು ಮುಚ್ಚಿತ್ತು. ಎಚ್ಚರವಾದಾಗ ಅವರು ಮಾತ್ರ ನೆಟ್ಟಗೆ ಕೂತಿದ್ದರು. ಡಾಕ್ಟರು ಹೇಳಿದ ಒಳ್ಳೆಯ ಸುದ್ದಿ ಆಗಲೇ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಮಡಿಲಲ್ಲಿತ್ತು.

ಕನ್ನಡ ನಿಘಂಟು ಅಂದರೆ ನಾವು ಕಿಟ್ಟೆಲ್ ಹೆಸರು ಹೇಳುತ್ತೇವೆ. ಹೇಳಲೇಬೇಕು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದವರು, 1894ರಲ್ಲಿ ಅಂಥ ನಿಘಂಟು ಕೊಟ್ಟರು. ಆದರೆ ಅವರ ಪಕ್ಕ ಕೂತು ಒಂದೊಂದು ಪದ ಬಿಡಿಸಿ ಹೇಳಿದ ನಮ್ಮವರನ್ನು ಎಷ್ಟು ಜನ ನೆನೆಯುತ್ತೇವೆ? ಮಿಷನರಿ ಕಥೆಗಳಲ್ಲಿ ಕಲಿಸಿದವರು ಯಾವಾಗಲೂ ಹಿಂದೆ ಉಳಿಯುತ್ತಾರೆ. ಈ ಪತ್ರದಲ್ಲಿ ಹಾಗಾಗುವುದು ನನಗೆ ಬೇಡ.

ಇನ್ನೊಂದು ಮಾತು. ಮೇಷ್ಟ್ರು ನಮ್ಮ ಕೂಟಕ್ಕೆ ಬರುವವರಲ್ಲ. ಇದನ್ನು ಓದಿ ನೀವು ಅವರಿಗಾಗಿ ಪ್ರಾರ್ಥಿಸುತ್ತೀರಿ, ನನಗೆ ಗೊತ್ತು. ಪ್ರಾರ್ಥಿಸಿ. ಅವರ ಮೊಣಕಾಲಿಗಾಗಿ ಪ್ರಾರ್ಥಿಸಿ. ಆದರೆ ಅವರ ಒಳ್ಳೆಯತನವನ್ನು ಮುಂದಿನ ಯಾವುದೋ ಸಾಕ್ಷಿಯ ಮೊದಲ ಭಾಗ ಎಂದು ನೋಡಬೇಡಿ. ಬೈಬಲಿನಲ್ಲಿ ಪೌಲನಿದ್ದ ಹಡಗು ಒಡೆದು ದಡಕ್ಕೆ ಬಂದವರಿಗೆ ಮೆಲೀತೆ ದ್ವೀಪದ ಜನ ಆ ಮಳೆ ಚಳಿಯಲ್ಲಿ ಬೆಂಕಿ ಹಾಕಿಕೊಟ್ಟರು. ಪೌಲನು ಆಗಿನ್ನೂ ಅವರಿಗೆ ಒಂದು ಮಾತೂ ಬೋಧಿಸಿರಲಿಲ್ಲ. ಚಳಿ ಕಾಯಿಸಿಕೊಂಡ ನಾವು ಆ ಬೆಂಕಿಗೆ ವಂದನೆ ಹೇಳೋಣ.

ನಾಳೆಯಿಂದ ಪಾಠ ಮತ್ತೆ ಶುರು. ನಾಲ್ಕು ತಿಂಗಳಲ್ಲಿ ನಾನು ಮರೆತದ್ದನ್ನೆಲ್ಲ ಮೊದಲಿನಿಂದ ಕೇಳುತ್ತಾರಂತೆ. ಈ ಸಲ ಇವರೂ ನನ್ನ ಪಕ್ಕ ಕೂರುತ್ತಾರೆ.

ಕರ್ತನಲ್ಲಿ ನಿಮ್ಮ ಸಹೋದರಿ