ಅಪ್ಪನ ಒಂದು ವರ್ಷ, ತ.ರಾ.ಸು. ಅವರಿಗೊಂದು ಕಾಗದ

ಅಪ್ಪನಿಗೆ ಕಿಡ್ನಿ ಕಸಿ ಆಗಿ ಮೊನ್ನೆ ಭಾನುವಾರಕ್ಕೆ ಒಂದು ವರ್ಷ ತುಂಬಿತು. ಕೊಟ್ಟಿದ್ದು ಅಮ್ಮ. ಇಬ್ಬರೂ ಆರಾಮಾಗಿದ್ದಾರೆ. ಆಗ ಫೋನ್ ಮಾಡಿದವರು, ಊಟ ಕಳಿಸಿದವರು, ದುಡ್ಡು ಕೈಗಿಟ್ಟು ‘ನಿಧಾನಕ್ಕೆ ಕೊಡು’ ಅಂದವರು, ಎಲ್ಲರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಒಬ್ಬರಿಗೆ ಮಾತ್ರ ಬೇರೆಯಾಗಿ ಕಾಗದ ಬರೆಯೋಣ ಅಂತ ಕೂತೆ. ‘ತೀರ್ಥರೂಪು ಸಮಾನರಾದ ತ.ರಾ.ಸು. ಅವರಿಗೆ’ ಅಂತ ಬರೆದೆ. ಅಲ್ಲಿಗೇ ನಿಂತಿತು. ಅವರು ತೀರಿಕೊಂಡಿದ್ದು 1984ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ಚಿತ್ರದುರ್ಗದ ಕೋಟೆ ಬಿದ್ದ ಕಥೆ ಹೇಳುವ ಅವರ ಕಾದಂಬರಿ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಅದಾದ ಮೇಲೆ, 1985ರಲ್ಲಿ. ಪ್ರಶಸ್ತಿಯೇ ಅವರ ಕೈ ಸೇರಲಿಲ್ಲ, ಇನ್ನು ನನ್ನ ಕಾಗದ!

ಕಸಿಗೆ ಮುಂಚೆ ಹದಿನಾಲ್ಕು ತಿಂಗಳು ವಾರಕ್ಕೆರಡು ಸಲ ಡಯಾಲಿಸಿಸ್. ಅಕ್ಕನ ಮನೆ ದಾವಣಗೆರೆಯಲ್ಲಿದೆ, ಹಾಗಾಗಿ ಅಲ್ಲಿನ ಆಸ್ಪತ್ರೆ. ನಮ್ಮೂರು ಚಿತ್ರದುರ್ಗದಿಂದ ಬೆಳಗಿನ ಬಸ್ಸು, ಅರವತ್ತು ಕಿಲೋಮೀಟರ್, ಆಮೇಲೆ ನಾಲ್ಕು ಗಂಟೆ ಮಷೀನು. ಮೊದಮೊದಲು ನಾನು ಒಳಗೆ ಕೂರುತ್ತಲೇ ಇರಲಿಲ್ಲ. ಅಪ್ಪನ ರಕ್ತ ಪೈಪಿನಲ್ಲಿ ಓಡೋದು ನೋಡಲಾಗದೆ ಟೀ ಅಂಗಡಿಯಲ್ಲಿ ಫೋನ್ ಹಿಡಿದು ಕೂರುತ್ತಿದ್ದೆ. ಆಫೀಸಿನ ಕರೆ ಅಂತ ಸುಳ್ಳು ಹೇಳುತ್ತಿದ್ದೆ. ಅಪ್ಪನಿಗೆ ಗೊತ್ತಾಗಿತ್ತು ಅನ್ಸುತ್ತೆ.

ಒಂದು ದಿನ ಅವರೇ ಟ್ರಂಕಿನಿಂದ ‘ದುರ್ಗಾಸ್ತಮಾನ’ ತೆಗೆದು ಚೀಲಕ್ಕೆ ಹಾಕಿದರು. ಬೈಂಡು ಕಿತ್ತು ದಾರ ಕಾಣುತ್ತಿತ್ತು. “ಒಂದು ಕೈ ಅಲ್ಲಾಡಿಸಂಗಿಲ್ಲ. ಒಂದೇ ಕೈಲಿ ಈ ದಪ್ಪ ಪುಸ್ತಕ ಹಿಡಿಯಕ್ಕಾಗಲ್ಲ. ನೀನೇ ಓದು” ಅಂದರು.

ಕಾಲೇಜು ಬಿಟ್ಟ ಮೇಲೆ ನಾನು ಕಾದಂಬರಿ ಮುಟ್ಟಿದವನಲ್ಲ. ತಡವರಿಸಿದೆ. ಪಕ್ಕದ ಮಂಚದಲ್ಲಿ ಹರಿಹರದ ಅಜ್ಜ ಒಬ್ಬರಿದ್ದರು. “ಸ್ವಲ್ಪ ಜೋರಾಗಿ ಓದಪ್ಪ, ನಮಗೂ ಕೇಳಲಿ” ಅಂದರು. ಡ್ಯೂಟಿಯಲ್ಲಿದ್ದ ಸಿಸ್ಟರ್ ಬೈಯುತ್ತಾರೆ ಅಂದುಕೊಂಡರೆ ನನಗೊಂದು ಸ್ಟೂಲು ತಂದಿಟ್ಟರು. ಆ ಸ್ಟೂಲಿಗೂ ಒಂದು ಥ್ಯಾಂಕ್ಸ್.

ತ.ರಾ.ಸು. ಯಾರ ಕಡೆಯವರು ಅನ್ನೋದರ ಮೇಲೆ ಅಪ್ಪನಿಗೂ ಅಜ್ಜನಿಗೂ ದಿನಾ ಜಗಳ. ಹುಟ್ಟಿದ್ದು ನಮ್ಮ ಮಲೇಬೆನ್ನೂರಲ್ಲಿ ಅಂತ ಅಜ್ಜ. ನಿಮ್ಮ ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಅಲ್ಲೀವರೆಗೆ ನೀವೂ ದುರ್ಗದೋರೇ ಅಂತ ಅಪ್ಪ.

ಅಪ್ಪನಿಗೆ ಆಗ ನೀರು ಅಳತೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್. ಬಾಯಿ ಒಣಗಿದರೆ ಒದ್ದೆ ಬಟ್ಟೆ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಅಂಥ ಬಾಯಲ್ಲೇ ನನ್ನ ಓದು ನಿಲ್ಲಿಸಿ ಕೋಟೆಯ ನೀರಿನ ಲೆಕ್ಕ ಹೇಳೋರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆಹೊಂಡಕ್ಕೆ. ಆ ಕೋಟೆಯ ಬುಡದಲ್ಲೇ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ನೆಂಟರು ಬಂದಾಗ ಓಬವ್ವನ ಕಿಂಡಿ ತೋರಿಸಿ ಇಳಿದು ಬರುತ್ತಿದ್ದೆ, ಅಷ್ಟೇ. ಭರಮಸಾಗರವೂ ಬರೀ ಬಸ್ ಸ್ಟಾಪ್ ಆಗಿತ್ತು. ಅದು ದುರ್ಗ ಆಳಿದ ಭರಮಣ್ಣ ನಾಯಕನ ಹೆಸರು ಅಂತ ತಿಳಿದ ಮೇಲೆ ಅಲ್ಲಿ ಬಸ್ಸು ನಿಂತಾಗೆಲ್ಲ ತಲೆ ಎತ್ತಿ ನೋಡುತ್ತೇನೆ.

ಕಥೆ ಎಲ್ಲಿಗೆ ಮುಟ್ಟುತ್ತೆ ಅಂತ ಎಲ್ಲರಿಗೂ ಗೊತ್ತು. ಹೆಸರಲ್ಲೇ ಅಸ್ತಮಾನ ಇದೆ. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಗಿದ್ದು ನಮ್ಮೂರಿನ ಮಕ್ಕಳಿಗೂ ಗೊತ್ತು. ಆದರೂ ಕೊನೆಯ ಅಧ್ಯಾಯಗಳು ಬಂದಾಗ ಅಜ್ಜ “ಇವತ್ತಿಗೆ ಐದೇ ಪುಟ, ಸಾಕು” ಅನ್ನತೊಡಗಿದರು. ಮದಕರಿ ನಾಯಕನನ್ನು ಆ ವಾರ್ಡಿನಲ್ಲಿ ನಾವು ಮೂರು ವಾರ ಜಾಸ್ತಿ ಬದುಕಿಸಿಕೊಂಡೆವು. ಅಷ್ಟರಲ್ಲಿ ನನಗೂ ಪೈಪು, ರಕ್ತ ಅಭ್ಯಾಸವಾಗಿತ್ತು. ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಅಪ್ಪನ ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿದೆ. ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತಿತ್ತು.

ಅಜ್ಜ ಈಗಲೂ ಡಯಾಲಿಸಿಸ್‌ನಲ್ಲೇ ಇದ್ದಾರೆ. ದಾವಣಗೆರೆಗೆ ಹೋದಾಗ ಒಂದು ಪುಸ್ತಕ ಹಿಡಿದುಕೊಂಡೇ ಹೋಗುತ್ತೇನೆ.

ಮೊನ್ನೆ ಭಾನುವಾರ ಅಪ್ಪನ ಜೊತೆ ಕೋಟೆ ಹತ್ತಿದೆ. ನಡುನಡುವೆ ಕೂತು, ಎದ್ದು, ಗೋಪಾಲಸ್ವಾಮಿ ಹೊಂಡದವರೆಗೆ ಹೋದೆವು. ಈಗ ಡಾಕ್ಟರೇ ನೀರು ಜಾಸ್ತಿ ಕುಡೀರಿ ಅಂತಾರೆ. ಅಪ್ಪ ಹೊಂಡದ ಕಡೆ ಮುಖ ಮಾಡಿ ಕೂತು ಒಂದು ಲೀಟರ್ ಬಾಟಲಿ ಪೂರ್ತಿ ಖಾಲಿ ಮಾಡಿದರು. ಆಮೇಲೆ ನನ್ನ ಚೀಲ ನೋಡಿ, “ಒಂದೇ ತಂದಿದೀಯೇನೋ?” ಅಂದರು.