ಸ್ಮಾರ್ಟ್ ಕ್ಲಾಸ್ ಸ್ಟ್ಯಾಂಡನ್ನು ಮಕ್ಕಳ ಕೈಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗೆ ಸ್ಮಾರ್ಟ್ ಕ್ಲಾಸಿನ ದೊಡ್ಡ ಪರದೆ ಕೊಡುಗೆಯಾಗಿ ಬಂದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ದಾನಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಮುಖ್ಯ ಶಿಕ್ಷಕರು ಸಾಲಾಗಿ ನಿಂತಿರುತ್ತಾರೆ. ನಡುವೆ ಚಕ್ರದ ಸ್ಟ್ಯಾಂಡಿನ ಮೇಲೆ ಪರದೆ. ಫೋಟೊ ಕಂಡ ಕೂಡಲೇ ನನ್ನ ಕಣ್ಣು ಹೋಗುವುದು ಆ ಸ್ಟ್ಯಾಂಡಿನ ಕಾಲಿನ ಕಡೆಗೆ. ಕಾಲು ಎಷ್ಟು ಅಗಲ ಇದೆ? ಚಕ್ರಕ್ಕೆ ಬ್ರೇಕ್ ಇದೆಯಾ? ಪರದೆಯನ್ನು ಕಂಬದ ಯಾವ ತೂತಿಗೆ ಕೂರಿಸಿದ್ದಾರೆ? ಹೆಚ್ಚಿನ ಫೋಟೊಗಳಲ್ಲಿ ಅದು ಮೇಲಿನ ತುದಿಯ ತೂತಿನಲ್ಲೇ ಇರುತ್ತದೆ. ಎಲ್ಲರಿಗೂ ಕಾಣಲಿ ಅಂತ ಏರಿಸಿರುತ್ತಾರೆ. ಆಮೇಲೆ ಯಾರೂ ಇಳಿಸುವುದಿಲ್ಲ.

ನಾನು ಸೊರಬ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮಲ್ಲೂ ಹಳೆಯ ವಿದ್ಯಾರ್ಥಿಗಳು ಸೇರಿ ಕೊಟ್ಟ 65 ಇಂಚಿನ ಟಚ್ ಪರದೆ ಇದೆ. ಅದರಿಂದ ತುಂಬಾ ಉಪಕಾರವಾಗಿದೆ. ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಬರೆದರೂ ಆಗದ್ದು ಅಲ್ಲಿ ಒಂದು ನಿಮಿಷದಲ್ಲಿ ಆಗುತ್ತದೆ. ಹಾಗಾಗಿ ನನ್ನ ದೂರು ಪರದೆಯ ಮೇಲೆ ಅಲ್ಲ. ಅದನ್ನು ಹೊತ್ತು ನಿಂತ ಸ್ಟ್ಯಾಂಡನ್ನು ಹೇಗೆ ಏರಿಸಬೇಕು, ಇಳಿಸಬೇಕು, ತಳ್ಳಬೇಕು ಅಂತ ನಮಗೆ ಯಾರೂ ಹೇಳಿಕೊಡುವುದಿಲ್ಲ. ಅದರ ಮೇಲೆ.

ಮೊದಲು ತೂಕದ ಮಾತು. ಮನೆಯ 43 ಇಂಚಿನ ಟಿವಿ ಹತ್ತು ಕಿಲೋ ಆಸುಪಾಸು ಇರುತ್ತದೆ. ಶಾಲೆಗೆ ಬರುವ 65 ಇಂಚಿನ ಟಚ್ ಪರದೆ ಸುಮಾರು 40 ಕಿಲೋ. ದಪ್ಪ ಗಾಜು, ಒಳಗೆ ಲೋಹದ ಚೌಕಟ್ಟು. 75 ಇಂಚಿನದಾದರೆ ಒಂದು ಸಿಮೆಂಟ್ ಮೂಟೆಯಷ್ಟು ತೂಕ. ನೋಡಲು ಟಿವಿಯಂತೆಯೇ ಇರುವುದರಿಂದ ಜನ ಅದನ್ನು ಟಿವಿಯಂತೆಯೇ ತಳ್ಳುತ್ತಾರೆ.

ಇನ್ನು ಎತ್ತರ. ಚಿಕ್ಕ ತರಗತಿಗಳ ನಲಿ-ಕಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ. ಅವರಿಗೆ ಪರದೆ ತಗ್ಗಿನಲ್ಲಿ ಬೇಕು. ಏಳನೇ ತರಗತಿಯವರು ಬೆಂಚಿನ ಮೇಲೆ. ಹಿಂದಿನ ಸಾಲಿನವರಿಗೆ ಕಾಣಲಿ ಅಂತ ಏರಿಸುತ್ತಾರೆ. ಒಂದೇ ಪರದೆ ನಾಲ್ಕೈದು ಕೊಠಡಿ ಸುತ್ತುವ ಶಾಲೆಗಳಲ್ಲಿ ದಿನಕ್ಕೆ ಎರಡು ಮೂರು ಸಲ ಪಿನ್ ಎಳೆದು ಏರಿಸಿ ಇಳಿಸುವುದು ಇದ್ದದ್ದೇ. ಅಪಾಯ ಇರುವುದು ಅಲ್ಲೇ.

ಸಾಮಾನ್ಯವಾಗಿ ಬರುವ ಸ್ಟ್ಯಾಂಡಿನಲ್ಲಿ ಎರಡು ಕಂಬ, ಕಂಬದುದ್ದಕ್ಕೂ ತೂತು, ಎರಡೂ ಕಡೆ ಪಿನ್ ಅಥವಾ ಬೋಲ್ಟು ಇರುತ್ತದೆ. ಪಿನ್ ಎಳೆದ ಕ್ಷಣ ಅಷ್ಟೂ ತೂಕ ಹಿಡಿದವರ ಕೈಗೆ ಬರುತ್ತದೆ. ಒಬ್ಬರೇ ಒಂದು ಕೈಯಲ್ಲಿ ಪರದೆ ಹಿಡಿದು ಇನ್ನೊಂದು ಕೈಯಲ್ಲಿ ಪಿನ್ ಎಳೆದರೆ ಪರದೆ ಸರ್ರನೆ ಜಾರುತ್ತದೆ. ಕಂಬಕ್ಕೂ ಬ್ರಾಕೆಟ್ಟಿಗೂ ನಡುವೆ ಬೆರಳಿದ್ದರೆ ಜಜ್ಜಿಹೋಗುತ್ತದೆ. ಇದಕ್ಕೆ ಮೂರು ಜನ ದೊಡ್ಡವರು ಬೇಕೇ ಬೇಕು. ಮೊದಲು ವೈರ್ ತೆಗೆದು, ನಾಲ್ಕೂ ಚಕ್ರದ ಬ್ರೇಕ್ ಒತ್ತಬೇಕು. ಇಬ್ಬರು ಎರಡು ಕಡೆ ನಿಂತು ಕೆಳಗಿನ ಚೌಕಟ್ಟಿಗೆ ಅಂಗೈ ಕೊಟ್ಟು ಭಾರ ತೆಗೆದುಕೊಳ್ಳಬೇಕು. ಗಾಜಿನ ಮೇಲೆ ಕೈಯಿಡಬಾರದು. ಭಾರ ಪೂರ್ತಿ ಕೈಗೆ ಬಂದ ಮೇಲೆಯೇ ಮೂರನೆಯವರು ಪಿನ್ ಎಳೆಯಬೇಕು. ಹೊಸ ತೂತಿಗೆ ಪಿನ್ ಕೂತಾಗ ಟಕ್ ಅಂತ ಸದ್ದು ಬರುತ್ತದೆ. ಸದ್ದು ಬರಲಿಲ್ಲ ಅಂದರೆ ಕೈ ಬಿಡಬಾರದು. ಎರಡೂ ಕಡೆ ತೂತು ಎಣಿಸಿ ನೋಡಬೇಕು. ಎಡಕ್ಕೆ ನಾಲ್ಕನೆಯದು, ಬಲಕ್ಕೆ ಐದನೆಯದು ಆದರೆ ಪರದೆ ಓರೆಯಾಗಿ ನಿಂತು ಭಾರವೆಲ್ಲ ಒಂದೇ ಪಿನ್ನಿಗೆ ಬೀಳುತ್ತದೆ.

ನಮ್ಮ ಶಾಲೆಗೆ ಸ್ಟ್ಯಾಂಡ್ ಜೋಡಿಸಲು ಬಂದ ಹುಡುಗ ಇದ್ಯಾವುದನ್ನೂ ಹೇಳಲಿಲ್ಲ. ಬೋಲ್ಟು ಬಿಗಿದ, ಪರದೆ ಆನ್ ಮಾಡಿ ತೋರಿಸಿದ, ಸಹಿ ಹಾಕಿಸಿಕೊಂಡು ಹೊರಟ. ಅವನಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ ಬಿಡಿ.

ಎತ್ತರ ಜಾಸ್ತಿಯಾದರೆ ಏನಾಗುತ್ತದೆ ಅಂತ ನಾನು ಏಳನೇ ತರಗತಿಯ ಮಕ್ಕಳ ಎದುರಿಗೇ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ನಮ್ಮ ಸ್ಟ್ಯಾಂಡಿನ ಕಾಲು ಹಿಂದು ಮುಂದಕ್ಕೆ 60 ಸೆಂಟಿಮೀಟರ್. ಅಂದರೆ ಕಂಬದಿಂದ ಮುಂದಿನ ಚಕ್ರಕ್ಕೆ 30. ಸ್ಟ್ಯಾಂಡಿಗಿಂತ ಪರದೆಯೇ ಭಾರ. ಹಾಗಾಗಿ ಪರದೆಯ ನಡುಮಧ್ಯವೇ ಹೆಚ್ಚುಕಡಿಮೆ ಗುರುತ್ವ ಕೇಂದ್ರ ಅಂತ ಇಟ್ಟುಕೊಳ್ಳೋಣ. ಅದು ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸ್ಟ್ಯಾಂಡ್ ಮುಂದಕ್ಕೆ ಸುಮಾರು 11 ಡಿಗ್ರಿ ವಾಲಿದರೆ ಸಾಕು, ಮಗುಚಿ ಬೀಳುತ್ತದೆ. 110ಕ್ಕೆ ಇಳಿಸಿದರೆ 15 ಡಿಗ್ರಿ ತನಕ ತಡೆಯುತ್ತದೆ. ಈಗ ಇಳಿಜಾರು ನೋಡಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ನಮ್ಮ ಶಾಲೆಗಳಲ್ಲಿ ಕಟ್ಟಿದ ರ‍್ಯಾಂಪ್ 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರಬಾರದು ಅನ್ನುವುದು ನಿಯಮ. ಅದೇ ಐದು ಡಿಗ್ರಿ ಹತ್ತಿರ ಆಯಿತು. ಪರದೆ ಮೇಲೇರಿಸಿಕೊಂಡೇ ರ‍್ಯಾಂಪ್ ಇಳಿಸಿದರೆ ಆ 11 ಡಿಗ್ರಿಯಲ್ಲಿ ಸುಮಾರು ಅರ್ಧ ಅಲ್ಲೇ ಮುಗಿದುಹೋಗುತ್ತದೆ. ಉಳಿದದ್ದಕ್ಕೆ ಒಂದು ಚಿಕ್ಕ ಕಲ್ಲು ಸಾಕು. ನಿಯಮದಂತೆ ಕಟ್ಟದ, ಇನ್ನೂ ಕಡಿದಾದ ರ‍್ಯಾಂಪ್‌ಗಳೂ ಎಷ್ಟೋ ಇವೆ, ಅಲ್ವಾ?

ಇದು ಬರೀ ಬೋರ್ಡಿನ ಲೆಕ್ಕ ಅಲ್ಲ. ಪಕ್ಕದ ಕ್ಲಸ್ಟರಿನ ಒಂದು ಶಾಲೆಯಲ್ಲಿ ಹಳೆಯ ಕಟ್ಟಡಕ್ಕೂ ಹೊಸ ಕೊಠಡಿಗೂ ನಡುವೆ ವರಾಂಡದಲ್ಲಿ ಒಂದಿಂಚು ಏರುತಗ್ಗಿದೆ. ಇಬ್ಬರು ಹುಡುಗರು ಪರದೆಯ ಹಿಂದೆ ನಿಂತು ತಳ್ಳಿಕೊಂಡು ಬರುತ್ತಿದ್ದರು. ಮುಂದೇನಿದೆ ಅಂತ ಅವರಿಗೆ ಕಾಣುವಂತೆಯೇ ಇರಲಿಲ್ಲ. ಮುಂದಿನ ಚಕ್ರ ಸಿಕ್ಕಿಕೊಂಡಿತು, ಪರದೆ ಮುಂದಕ್ಕೆ ಬಾಗಿತು. ಎದುರಿನಿಂದ ಬರುತ್ತಿದ್ದ ದೈಹಿಕ ಶಿಕ್ಷಕರು ಹೆಗಲು ಕೊಟ್ಟು ತಡೆದದ್ದರಿಂದ ಆಯಿತು. ಅವರ ಭುಜ ಒಂದು ವಾರ ಊದಿಕೊಂಡಿತ್ತು. ಅವರ ಜಾಗದಲ್ಲಿ ಒಂದನೇ ತರಗತಿಯ ಮಗು ಇದ್ದಿದ್ದರೆ ಅಂತ ಅವರು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಯಾರಿಗೂ ಮಾತು ಬರಲಿಲ್ಲ.

ಅಮೆರಿಕದ ಶಾಲೆಗಳಲ್ಲಿ ಹಳೆಯ ಡಬ್ಬಾ ಟಿವಿಗಳ ಕಾಲದಲ್ಲಿ ಇದೇ ನಡೆದಿತ್ತು. ಎತ್ತರದ ಚಕ್ರದ ಗಾಡಿಯ ಮೇಲೆ ಟಿವಿ ಇಟ್ಟು, ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಮಕ್ಕಳ ಕೈಲೇ ತಳ್ಳಿಸುತ್ತಿದ್ದರು. ಗಾಡಿ ಮಗುಚಿ ಮಕ್ಕಳು ಸತ್ತರು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇಂಥ ಗಾಡಿಯನ್ನು ಮಕ್ಕಳು ಮುಟ್ಟಬಾರದು, ದೊಡ್ಡವರೇ ಸಾಗಿಸಬೇಕು ಅಂತ ಎಚ್ಚರಿಕೆ ಕೊಟ್ಟಿತು. ಅವರು ಮಕ್ಕಳನ್ನು ಕಳೆದುಕೊಂಡು ಕಲಿತದ್ದನ್ನು ನಾವೂ ಹಾಗೆಯೇ ಕಲಿಯಬೇಕಾ?

ನಮ್ಮ ಶಾಲೆಯಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪರದೆಯನ್ನು ಕೆಳಗಿನ ತೂತಿಗೆ ಇಳಿಸದೆ ಒಂದು ಅಡಿಯೂ ಸರಿಸುವುದಿಲ್ಲ. ತಳ್ಳುವಾಗ ಪರದೆಯ ಅಂಚು ಮುಂದಾಗಿರಬೇಕು. ಯಾಕೆಂದರೆ ಸ್ಟ್ಯಾಂಡಿನ ಕಾಲು ಆ ದಿಕ್ಕಿಗೆ ಜಾಸ್ತಿ ಅಗಲ. ಬಾಗಿಲಲ್ಲಿ ಹೇಗೂ ಅಡ್ಡ ತಿರುಗಿಸಲೇಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಇಬ್ಬರೂ ಶಿಕ್ಷಕರೇ. ಯುಪಿಎಸ್ ಮೊದಲು ಪರದೆಯ ಕೆಳಗಿನ ತಟ್ಟೆಯ ಮೇಲಿತ್ತು. ಅದನ್ನು ಕಾಲಿನ ಹತ್ತಿರಕ್ಕೆ ಇಳಿಸಿದ್ದೇವೆ, ಭಾರ ಕೆಳಗಿದ್ದಷ್ಟೂ ಒಳ್ಳೆಯದು. ಚಕ್ರಕ್ಕೆ ಸುತ್ತಿಕೊಂಡ ಕೂದಲು, ದಾರ ತೆಗೆಯುವುದು ಶನಿವಾರದ ಕೆಲಸ. ಅದು ಕಟ್ಟಿಕೊಂಡರೆ ಬ್ರೇಕ್ ಸರಿಯಾಗಿ ಕೂರುವುದಿಲ್ಲ. ವೈರ್ ಮಕ್ಕಳ ನಡುವೆ ಹಾಯದಂತೆ ಗೋಡೆ ಬದಿಯಿಂದ ತರುತ್ತೇವೆ. ನಲಿ-ಕಲಿ ಕೋಣೆಯಲ್ಲಿ ಪರದೆಯ ಮುಂದೆ ಎರಡು ಮಾರು ಜಾಗ ಬಿಟ್ಟು ಸುಣ್ಣದ ಗೆರೆ ಎಳೆದಿದ್ದೇವೆ. ಪುಟ್ಟ ಮಕ್ಕಳಿಗೆ ಸ್ಟ್ಯಾಂಡ್ ಕಂಡರೆ ಹತ್ತುವ ಆಸೆ. ಬೈದು ಪ್ರಯೋಜನವಿಲ್ಲ, ದೂರ ಕೂರಿಸುವುದೇ ದಾರಿ.

ನಿಜ ಹೇಳಬೇಕೆಂದರೆ, ಒಂದು ಕೊಠಡಿಯನ್ನೇ ಇದಕ್ಕೆ ಬಿಟ್ಟು ಪರದೆಯನ್ನು ಗಟ್ಟಿ ಗೋಡೆಗೆ ಕೂರಿಸಿ, ಮಕ್ಕಳೇ ಅಲ್ಲಿಗೆ ಹೋಗುವಂತೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಹೆಚ್ಚುವರಿ ಕೊಠಡಿ ಇಲ್ಲ. ಹಳೆಯ ಮಣ್ಣಿನ ಗೋಡೆ 40 ಕಿಲೋ ಹೊರುವುದೂ ಇಲ್ಲ. ಅಂಥ ಕಡೆ ಸ್ಟ್ಯಾಂಡ್ ಬೇಕೇ ಬೇಕು.

ದಾನ ಕೊಡುವ ಹಿರಿಯರಲ್ಲಿ, ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟು. ಪರದೆಗೆ ಲಕ್ಷಗಟ್ಟಲೆ ಖರ್ಚು ಮಾಡಿ ಸ್ಟ್ಯಾಂಡಿನಲ್ಲಿ ಉಳಿಸಲು ಹೋಗಬೇಡಿ. ಎಷ್ಟು ಕಿಲೋ ಹೊರುತ್ತದೆ ಅಂತ ಸ್ಟ್ಯಾಂಡಿನ ಮೇಲೆ ಬರೆದಿದೆಯಾ ನೋಡಿ, ಅಗಲ ಕಾಲಿನದನ್ನೇ ಕೊಡಿಸಿ. ಜೋಡಿಸಲು ಬಂದವರು ಶಿಕ್ಷಕರ ಕೈಯಲ್ಲೇ ಒಂದು ಸಲ ಏರಿಸಿ ಇಳಿಸಿ ಮಾಡಿಸದೆ ಸಹಿ ಹಾಕಬೇಡಿ ಅಂತ ಎಸ್‌ಡಿಎಂಸಿಯವರಿಗೂ ಹೇಳುತ್ತೇನೆ. ಶಿಕ್ಷಣ ಇಲಾಖೆಯವರು ಸ್ಟ್ಯಾಂಡನ್ನು ಮಕ್ಕಳು ಸರಿಸಬಾರದು, ಇಳಿಸದೆ ಸಾಗಿಸಬಾರದು ಎಂಬ ಎರಡು ಸಾಲಿನ ಸುತ್ತೋಲೆಯನ್ನು ಮೇ ಕೊನೆಗೆ ಶಾಲೆ ಶುರುವಾಗುವ ಮೊದಲೇ ಎಲ್ಲ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳಿಗೆ ಕಳಿಸಲಿ. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ.

— ಒಬ್ಬ ವಿಜ್ಞಾನ ಶಿಕ್ಷಕಿ, ಸೊರಬ ತಾಲ್ಲೂಕು, ಶಿವಮೊಗ್ಗ ಜಿಲ್ಲೆ