ನಾನು ಹೊಡೆದುಹಾಕಿದ ಎರಡು

ಪ್ರೀತಿಯ ಮಗಳಿಗೆ,

ನೀನು ಬೆಳಿಗ್ಗೆ ಮಾತಾಡದೆ ಹಾಸ್ಟೆಲಿಗೆ ಹೊರಟುಹೋದ ಮೇಲೆ ನಿನ್ನ ರಸಾಯನಶಾಸ್ತ್ರದ ನೋಟ್‌ಬುಕ್ಕು ಮೇಜಿನ ಮೇಲೆಯೇ ಉಳಿದಿರುವುದು ಕಣ್ಣಿಗೆ ಬಿತ್ತು. ಪರೀಕ್ಷೆಗೆ ಐದೇ ದಿನ ಇರುವಾಗ ಅದನ್ನು ಮರೆತು ಹೋದೆಯೋ, ಬೇಡವೆಂದೇ ಬಿಟ್ಟು ಹೋದೆಯೋ ತಿಳಿಯಲಿಲ್ಲ. ಈ ಪತ್ರವನ್ನು ಅದರೊಳಗೇ ಇಟ್ಟು ಕಳುಹಿಸುತ್ತಿದ್ದೇನೆ. ನಿನ್ನೆ ರಾತ್ರಿ ನಾನು ಆಡಿದ ಮಾತುಗಳು ನಮ್ಮಿಬ್ಬರಿಗೂ ನೆನಪಿವೆ, ಅವನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾಗಿರುವುದು ನಾನು ಹೊಡೆದುಹಾಕಿದ ಆ ಎರಡರ ಬಗ್ಗೆ.

ತಾಮ್ರ ಮತ್ತು ಬೆಳ್ಳಿಯ ಸಮೀಕರಣದಲ್ಲಿ ನೀನು ಬಾಣದ ಎಡಕ್ಕೆ ಬೆಳ್ಳಿಯ ಅಯಾನಿನ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುವಿನ, ಮುಂದೆ ಒಂದು 2, ಬಲಕ್ಕೆ ಬೆಳ್ಳಿಯ ಮುಂದೆ ಇನ್ನೊಂದು 2 ಬರೆದಿದ್ದೆ. ಆ ಅಂಕಿಗಳಿಲ್ಲದೆಯೇ ಈ ಕಡೆ ಒಂದು ತಾಮ್ರ, ಆ ಕಡೆ ಒಂದು ತಾಮ್ರ. ಈ ಕಡೆ ಒಂದು ಬೆಳ್ಳಿ, ಆ ಕಡೆ ಒಂದು ಬೆಳ್ಳಿ. ಆಗಲೇ ಸರಿದೂಗಿರುವುದಕ್ಕೆ ಮತ್ತೇಕೆ ಅಂಕಿ ಎಂದು ನಾನು ನಿನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಗೀಟು ಎಳೆದೆ. ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದೇನೆಂದು ಇವತ್ತು ಬೆಳಕಿನಲ್ಲಿ ನೋಡಿದಾಗ ಗೊತ್ತಾಯಿತು; ಹಿಂದಿನ ಪುಟದ ಮೇಲೂ ಅದರ ಗುರುತು ಮೂಡಿದೆ. ನೀನು ‘ವಿದ್ಯುದಾವೇಶ ಸರಿಹೋಗುವುದಿಲ್ಲಮ್ಮಾ’ ಎಂದು ಒಂದು ಸಲ ಹೇಳಿದೆ, ಎರಡನೆಯ ಸಲ ಇನ್ನೂ ಮೆಲ್ಲಗೆ ಹೇಳಿದೆ, ಮೂರನೆಯ ಸಲ ಹೇಳಲಿಲ್ಲ.

ಮಧ್ಯಾಹ್ನ ಒಬ್ಬಳೇ ಕುಳಿತು ಲೆಕ್ಕ ಮಾಡಿದೆ. ನನ್ನ ಸಮೀಕರಣದಲ್ಲಿ ಎಡಕ್ಕಿರುವುದು ಒಂದು ಧನಾವೇಶ, ಬಲಕ್ಕೆ ಎರಡು. ತಾಮ್ರದ ಪರಮಾಣುವೊಂದು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಬೆಳ್ಳಿಯ ಅಯಾನೊಂದು ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಾನು ಬರೆದದ್ದೇ ನಿಜವಾಗಿದ್ದರೆ ಒಂದು ಎಲೆಕ್ಟ್ರಾನು ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಾರರು. ತಕ್ಕಡಿ ಕೂಡ ನಿನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. 63.5 ಗ್ರಾಂ ತಾಮ್ರ ಕರಗಿದರೆ ಸುಮಾರು 216 ಗ್ರಾಂ ಬೆಳ್ಳಿ ಹೊರಬರುತ್ತದೆ. ನನ್ನ ಸಮೀಕರಣದ ಪ್ರಕಾರ ಬರಬೇಕಾದದ್ದು ಅದರ ಅರ್ಧ.

ನನಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಈ ಕ್ರಿಯೆಯನ್ನು ಪುಸ್ತಕದಲ್ಲಿ ಓದಿ ಬಿಟ್ಟವಳಲ್ಲ, ಕಣ್ಣಾರೆ ಕಂಡವಳು. ವಿದ್ಯಾರ್ಥಿನಿಯಾಗಿದ್ದಾಗ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿಯನ್ನು ನಾನೇ ಇಳಿಬಿಟ್ಟಿದ್ದೆ. ತಂತಿಯ ಸುತ್ತ ಬೆಳ್ಳಿ ಪಾಚಿಯಂತೆ ಬೆಳೆದು, ಬಣ್ಣವಿಲ್ಲದ ದ್ರಾವಣ ನಿಧಾನವಾಗಿ ನೀಲಿಗೆ ತಿರುಗಿತ್ತು. ಎಷ್ಟು ತಾಮ್ರಕ್ಕೆ ಎಷ್ಟು ಬೆಳ್ಳಿ ಎಂದು ಕೇಳಬೇಕೆಂದು ಅಂದು ನನಗೆ ತೋಚಲೇ ಇಲ್ಲ. ನಿನಗೆ ತೋಚಿತು. ಹಾಗೆ ತೋಚಿದವಳಿಗೆ ನಾನು ‘ನಿನಗಿಂತ ಹೆಚ್ಚು ಓದಿದ್ದೇನೆ’ ಎಂದುಬಿಟ್ಟೆ.

ಪರಮಾಣುಗಳನ್ನು ಎಣಿಸುವುದು ಮುಖ್ಯವಲ್ಲವೆಂದು ಮಾತ್ರ ತಿಳಿಯಬೇಡ. ಕ್ರಿಯೆಗೆ ಮುಂಚೆ ಇದ್ದಷ್ಟೇ ದ್ರವ್ಯ ಕ್ರಿಯೆಯ ನಂತರವೂ ಇರುತ್ತದೆಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೊಸಿಯೆ ತನ್ನ 1789ರ ಗ್ರಂಥದಲ್ಲಿ ಬರೆದ, ಮತ್ತು ನಾವು ಬಾಣದ ಎರಡೂ ಬದಿಯಲ್ಲಿ ಮಾಡುವ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಆದರೆ ಎಲೆಕ್ಟ್ರಾನನ್ನು ಥಾಮ್ಸನ್ ಕಂಡುಹಿಡಿದದ್ದು 1897ರಲ್ಲಿ. ನಿನ್ನ ತಾಯಿ ನಿನ್ನೆ ರಾತ್ರಿ ಆ ನೂರೆಂಟು ವರ್ಷಗಳನ್ನು ದಾಟದೆ ಹಿಂದೆಯೇ ನಿಂತುಬಿಟ್ಟಿದ್ದಳು.

ಇನ್ನೊಂದು ಮಾತು, ಇದನ್ನು ನೀನು ಬಲ್ಲೆಯಾದರೂ ಹೇಳದಿರಲಾರೆ. ಅವಸರದಲ್ಲಿ ಸೂತ್ರದ ಕೆಳಗಿನ ಸಣ್ಣ ಅಂಕಿಯನ್ನು ಮುಟ್ಟಬೇಡ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಆಕ್ಸಿಜನ್ ಒಂದು ಕಡಿಮೆ ಬಿತ್ತೆಂದು ನೀರಿನ ಸೂತ್ರದಲ್ಲೇ ಆಕ್ಸಿಜನ್ನಿನ ಕೆಳಗೆ 2 ಬರೆದರೆ ಲೆಕ್ಕ ಸರಿಹೋಗುತ್ತದೆ, ಆದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಬದಲಾಯಿಸುವುದೇನಿದ್ದರೂ ಸೂತ್ರದ ಮುಂದಿನ ದೊಡ್ಡ ಅಂಕಿಯನ್ನು. ಈಥೇನ್ ಉರಿಯುವಾಗ ಆಕ್ಸಿಜನ್ ಮೂರೂವರೆ ಎಂದು ಬಂದರೆ ಗಾಬರಿಯಾಗದೆ ಎಲ್ಲವನ್ನೂ ಇಮ್ಮಡಿ ಮಾಡು: ಎರಡು ಈಥೇನಿಗೆ ಏಳು ಆಕ್ಸಿಜನ್. ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗುವ ಸಮೀಕರಣವಂತೂ ಬರಿಯ ಎಣಿಕೆಯಿಂದ ಬೇಗ ಬಗೆಹರಿಯದು. ಅಲ್ಲಿ ಮೂರು ತಾಮ್ರಕ್ಕೆ ಎಂಟು ಆಮ್ಲ ಬೇಕು. ಎಂಟರಲ್ಲಿ ಎರಡು ಮಾತ್ರ ಎಲೆಕ್ಟ್ರಾನುಗಳನ್ನು ಪಡೆದು ನೈಟ್ರಿಕ್ ಆಕ್ಸೈಡ್ ಆಗುತ್ತವೆ, ಉಳಿದ ಆರರ ನೈಟ್ರೇಟು ಹಾಗೆಯೇ ತಾಮ್ರದ ಜೊತೆ ಸೇರುತ್ತದೆ. ಮೂರು ತಾಮ್ರ ಕೊಟ್ಟದ್ದು ಆರು ಎಲೆಕ್ಟ್ರಾನು, ಎರಡು ನೈಟ್ರೋಜನ್ ಪಡೆದದ್ದೂ ಆರು. ಮೊದಲು ಈ ಕೊಡುಕೊಳೆಯನ್ನು ಸರಿಮಾಡಿಕೋ, ಆಮೇಲೆ ಹೈಡ್ರೋಜನ್ ನೋಡು, ಆಕ್ಸಿಜನ್ನನ್ನು ಕೊನೆಯ ತಾಳೆಗೆ ಇಟ್ಟುಕೋ. ಕ್ಷಮೆ ಕೇಳಲು ಕುಳಿತವಳು ಒಂದು ಪುಟ ಪಾಠ ಮಾಡಿಬಿಟ್ಟೆ; ಹೊಡೆದುಹಾಕಬೇಕೆಂದುಕೊಂಡೆ, ಆದರೆ ಇವತ್ತು ಏನನ್ನೂ ಹೊಡೆದುಹಾಕುವ ಮನಸ್ಸಿಲ್ಲ.

ನಿನ್ನ ಅಂಕಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ನಿನ್ನೆ ನೀನು ಸುಮ್ಮನಾದ ರೀತಿಯೇ ಕಣ್ಣ ಮುಂದೆ ಬರುತ್ತದೆ. ನಾನು ಗೀಟು ಎಳೆದ ಮೇಲೆ, ಅದರ ಕೆಳಗೆ, ನಿನ್ನದೇ ದುಂಡನೆಯ ಅಕ್ಷರದಲ್ಲಿ ನನ್ನ ತಪ್ಪು ಉತ್ತರವನ್ನು ಬರೆದುಕೊಂಡಿದ್ದೀಯ. ಒಪ್ಪಿ ಬರೆದೆಯೋ, ಮಾತು ಬೆಳೆಸುವುದು ಬೇಡವೆಂದು ಬರೆದೆಯೋ ಎಂದು ಬೆಳಗಿನಿಂದ ಆ ಸಾಲನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಾನಿರುವುದಿಲ್ಲವೆಂಬುದೇ ಸದ್ಯಕ್ಕೆ ಸಮಾಧಾನ. ಆದರೆ ನನಗಿಂತ ಗಟ್ಟಿಯಾಗಿ ಮಾತಾಡುವವರು ನಿನಗೆ ಮುಂದೆ ಸಿಗುತ್ತಾರೆ, ಅವರ ಕೈಯಲ್ಲೂ ಪೆನ್ನು ಇರುತ್ತದೆ. ಆಗಲೂ ಹೀಗೆಯೇ ಅವರದನ್ನು ಬರೆದುಕೊಂಡುಬಿಡುತ್ತೀಯೇನೋ ಎಂದು ಭಯವಾಗುತ್ತದೆ, ಮತ್ತು ಆ ಅಭ್ಯಾಸವನ್ನು ನಾನೇ ಮಾಡಿಸಿದೆನಲ್ಲಾ ಎಂದು ಇನ್ನೂ ಹೆಚ್ಚು ಭಯವಾಗುತ್ತದೆ. ತಪ್ಪು ನನ್ನದು. ಆ ಪುಟದ ಅಂಚಿನಲ್ಲಿ ದಿನಾಂಕ ಹಾಕಿ, ಮೇಲಿನದೇ ಸರಿ ಎಂದು ಬರೆದು ಸಹಿ ಮಾಡಿದ್ದೇನೆ.

ನೀನು ಅರ್ಧಕ್ಕೆ ಬಿಟ್ಟಿದ್ದ ಕೊನೆಯ ಸಮೀಕರಣವನ್ನು ನಿನ್ನ ಪುಟದಲ್ಲಿ ತುಂಬಲಿಲ್ಲ, ಬೇರೆ ಹಾಳೆಯಲ್ಲಿ ಮಾಡಿ ನೋಡಿದೆ. ಎರಡು ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಹದಿನಾರು ಹೈಡ್ರೋಕ್ಲೋರಿಕ್ ಆಮ್ಲ. ಬಲಕ್ಕೆ ಎರಡು ಪೊಟ್ಯಾಸಿಯಂ ಕ್ಲೋರೈಡ್, ಎರಡು ಮ್ಯಾಂಗನೀಸ್ ಕ್ಲೋರೈಡ್, ಎಂಟು ನೀರು, ಐದು ಕ್ಲೋರಿನ್. ಕ್ಲೋರಿನ್ ಪರಮಾಣುಗಳನ್ನು ಮೂರು ಸಲ ಎಣಿಸಿದೆ, ಎರಡೂ ಕಡೆ ಹದಿನಾರು ಬಂತು. ಎಲೆಕ್ಟ್ರಾನು ಹತ್ತು ಕೊಟ್ಟು ಹತ್ತು ಪಡೆದಂತೆ ಕಾಣುತ್ತದೆ. ಹಾಳೆ ಇದರ ಜೊತೆಗಿದೆ, ನೀನೊಮ್ಮೆ ನೋಡು. ತಪ್ಪಿದ್ದರೆ ಹೊಡೆದುಹಾಕಿ ಕಳುಹಿಸು.

ನಿನ್ನ ಅಮ್ಮ